ಒಂಬತ್ತನೆಯ ನುಡಿ

ಕುರ್ಚಿ ಸಾಲದೆ ಶಾಲೆಯಿಂದ ಬೆಂಚು ಹೊತ್ತು ತಂದಿದ್ದೆವು.
ಹೊರಗೆ ಅಟ್ಲಾಂಟಿಕ್ಕಿನ ಗಾಳಿ ತಗಡಿನ ಬಾಗಿಲನ್ನು
ಒದ್ದು ಒದ್ದು ಹೋಗುತ್ತಿತ್ತು.
ಒಳಗೆ ಒದ್ದೆ ಉಣ್ಣೆಯ, ಬಿಯರಿನ, ಸೀಮೆಎಣ್ಣೆ ಹೀಟರಿನ ವಾಸನೆ.
ಹಬ್ಬದ ಮೂರೂ ದಿನ ಮೈಕು ನನ್ನ ಪಾಲಿಗೆ.

ಬಾರ್ಟ್ಲಿಯ ಮಗಳು ನೇನ್ ಬಂದಳು. ಎಂಬತ್ತೊಂದು ವರ್ಷ.
ಕೋಟು ಬಿಚ್ಚಲಿಲ್ಲ.
ಪಕ್ಕದ ಮನೆಯ ನಾಯಿಯನ್ನು ಸರಿಸುವ ಹಾಗೆ
ಮೈಕನ್ನು ಮೊಣಕಾಲಿನಿಂದ ಅತ್ತ ಸರಿಸಿ ಕೂತಳು.
ವಾದ್ಯವಿಲ್ಲ, ಶ್ರುತಿಪೆಟ್ಟಿಗೆಯಿಲ್ಲ.
ನಮ್ಮ ದ್ವೀಪದಲ್ಲಿ ಹಾಡೆಂದರೆ ಇಷ್ಟೇ:
ಒಂದು ಗಂಟಲು, ಮುಚ್ಚಿದ ಎರಡು ಕಣ್ಣು.

ಹಾಡು ಎಲ್ಲರಿಗೂ ಗೊತ್ತು. ಹದಿನಾಲ್ಕು ನುಡಿ.
ಒಲೆಗೆ ಉರಿಸುವ ಜೌಗುಮಣ್ಣು ಹೇರಿಕೊಂಡು
ಮೂವರು ಅಣ್ಣತಮ್ಮಂದಿರ ದೋಣಿ ಹೊರಡುತ್ತದೆ.
ಬಿರುಗಾಳಿಯಿಲ್ಲ. ಅದೇ ಸೋಜಿಗ:
ಹಾಲು ತಟ್ಟೆಗೆ ಹೊಯ್ದಷ್ಟು ಸಮ ಇತ್ತಂತೆ ಅವತ್ತು ಕಡಲು.

ಮೂರನೆಯ ನುಡಿಗೆ ಹಿಂದಿನ ಬೆಂಚಿನಿಂದ ಫೆಸ್ಟಿ ಎದ್ದ.
ನಾವು ಉಸಿರು ಹಿಡಿದೆವು.
ಹನ್ನೊಂದು ವರ್ಷ ಅವರಿಬ್ಬರಿಗೆ ಮಾತಿಲ್ಲ.
ನಲವತ್ತು ಅಡಿ ದಡ, ಅದರ ಕಲ್ಲಿಗಂಟಿದ ಕಡಲಪಾಚಿ,
ಅದನ್ನು ಕೊಯ್ಯುವ ಹಕ್ಕು ಯಾರದು?
ಅವಳ ಗಂಡನನ್ನು ಮಣ್ಣು ಮಾಡಿದ ದಿನವೂ
ಈತ ಗೋಡೆಯಾಚೆ ರಸ್ತೆಯಲ್ಲೇ ನಿಂತಿದ್ದ, ಟೊಪ್ಪಿ ತೆಗೆದು.

ಬಂದ. ಪಕ್ಕದಲ್ಲಿ ಕೂತ. ಅವಳ ಬಲಗೈ ಹಿಡಿದ.
ಹಾಡುವವರ ಕೈ ಹಿಡಿದು ತಿರುಗಿಸುವುದು ನಮ್ಮ ಹಳೆಯ ವಾಡಿಕೆ,
ಇಬ್ಬರು ಒಂದೇ ಬೀಸುಕಲ್ಲಿನ ಗೂಟ ಹಿಡಿದ ಹಾಗೆ.
ಅವಳು ಕಣ್ಣು ತೆರೆಯಲಿಲ್ಲ.
ಆದರೆ ಫೆಸ್ಟಿಯ ಕಿರುಬೆರಳನ್ನು ದೋಣಿಯ ಹಗ್ಗ ಎಂದೋ ತಿಂದಿದೆ;
ನಾಲ್ಕೇ ಬೆರಳಿನ ಕೈ ಊರಿಗೊಂದೇ.

"ದೇವರು ನಿನ್ನ ಸಂಗಡ ಇರಲಿ, ನೇನ್!" ಯಾರೋ ಕೂಗಿದರು.
ಹಾಡು ಸಾಗಿತು. ದೋಣಿ ಸಾಗಿತು.
ಒಂಬತ್ತನೆಯ ನುಡಿಗೆ ನಿಂತಿತು.

ಮರೆತಿದ್ದಳು.

ಹೀಟರಿನ ಸುಯ್ಯೆಂಬ ಸದ್ದು.
ತೀರ್ಪುಗಾರರಲ್ಲಿ ಒಬ್ಬ ತನ್ನ ಬೂಟು ನೋಡಿಕೊಂಡ.
ಫೆಸ್ಟಿಯ ಕೈ ಮಾತ್ರ ನಿಲ್ಲಲಿಲ್ಲ,
ಕಾಳು ಮುಗಿದ ಮೇಲೂ ಬೀಸುವ ಕಲ್ಲಿನಂತೆ
ಒಂದು ಸುತ್ತು. ಇನ್ನೊಂದು.
ಮೂರನೆಯದಕ್ಕೆ ಅವನು ತುಟಿ ಸರಿಸಿ ಅಂದ:
"ಹುಟ್ಟು."

ಅಷ್ಟೇ. ಹನ್ನೊಂದು ವರ್ಷದ ಮೇಲೆ ಅವಳಿಗೆ ಅಂದ ಮೊದಲ ಮಾತು.
ತೇಲಿ ಬಂದ ಹುಟ್ಟು, ಅದರ ಹಿಡಿಯಲ್ಲಿ ಕೊರೆದ ಕಿರಿಯವನ ಹೆಸರು,
ಅದರ ಬೆನ್ನಿಗೆ ಉಳಿದ ನುಡಿಗಳೆಲ್ಲ ದಡಕ್ಕೆ ಬಂದವು.

ಕೊನೆಯ ಸಾಲನ್ನು ನಮ್ಮವರು ಹಾಡುವುದಿಲ್ಲ, ಆಡುತ್ತಾರೆ,
ಚಿಲಕ ಹಾಕಿದ ಹಾಗೆ. ಅವಳೂ ಆಡಿದಳು:
"ಅಮ್ಮ ಇನ್ನೂ ಒಲೆ ಆರಿಸಿಲ್ಲ."
ಅದೇ ದನಿಯಲ್ಲಿ, ಅದೇ ಉಸಿರಲ್ಲಿ:
"ಕೈ ಬಿಡು ಫೆಸ್ಟಿ, ನೋಯುತ್ತಿದೆ."

ಮೂರನೆಯ ಬಹುಮಾನ ಬಂತು, ಒಂದು ಟೀ ಕೆಟಲು.

ಸೋಮವಾರ ಇಳಿತದ ಹೊತ್ತಿಗೆ ದಡಕ್ಕೆ ಹೋಗಿದ್ದೆ.
ಕಲ್ಲಿನಿಂದ ಕಲ್ಲಿಗೆ ಬಿಗಿದ ನೀಲಿ ಹಗ್ಗ ಹಾಗೇ ಇದೆ.
ಆಚೆ ಅವನು, ಈಚೆ ಅವಳ ಮೊಮ್ಮಗ, ಇಬ್ಬರ ಕುಡುಗೋಲೂ ಮಾತಾಡಲಿಲ್ಲ.

ನನ್ನ ಧ್ವನಿಮುದ್ರಣ ಕೆಟ್ಟಿದೆ ಅನ್ನುತ್ತಾರೆ.
ನಿಜ. ಸರಿಸಿದ ಮೈಕು ಅವನತ್ತ ಮುಖ ಮಾಡಿತ್ತು.
ಅವಳ ಹದಿನಾಲ್ಕು ನುಡಿಯೂ ಎಲ್ಲೋ ದೂರ, ಗೋಡೆಯಾಚೆ;
ಕಿವಿಯ ಹತ್ತಿರ, ಉಗುಳು ನುಂಗಿದ್ದೂ ಕೇಳುವಷ್ಟು ಹತ್ತಿರ,
ಒಂದು ಪದ.