ಟಿ.ಸಿ. ಸುಟ್ಟ ವಾರ

ನಮ್ಮ ಮನಿತನದಾಗ ಕಾಡಪ್ಪ ಇಬ್ಬರು,
ಕಾಡೇಶ ಒಬ್ಬ, ಕಾಡವ್ವ ಒಬ್ಬಾಕಿ.
ಕಾಡು ಮಾತ್ರ ಯಾರೂ ನೋಡಿದ್ದಿಲ್ಲ.
ಬನಹಟ್ಟಿಯ ನಮ್ಮ ಓಣ್ಯಾಗ ಗಿಡ ಅಂದ್ರ
ಗಿರಣಿ ಹಂತೇಕ ಒಂದು ಬೇವು,
ಅದರ ಎಲಿ ಮ್ಯಾಲೂ ನೂಲಿನ ಧೂಳ.

ಡಿಸೆಂಬರ್ ಮೊದಲನೇ ಸೋಮವಾರ ಟಿ.ಸಿ. ಸುಟ್ಟಿತು.
ಹೊಸಾದು ಬರಾಕ ಎಂಟು ದಿನ ಅಂದ ಲೈನ್‌ಮನ್,
ಎಂಟು ಅಂದ್ರ ಹನ್ನೆರಡು ಅಂತ ತಿಳಕೊಂಡ್ವಿ.
ಮಗ್ಗ ಎಲ್ಲಾ ಒಮ್ಮೆಲೇ ನಿಂತಾಗ
ಅಪ್ಪ ಎದಿ ಮುಟ್ಟಿ ನೋಡಿಕೊಂಡ.
ಸಣ್ಣ ಕಾಕಾ ಮೊಬೈಲ್‌ನಾಗ ಹುಡುಕಿದ:
ಖಾನಾಪುರದ ಆಚೆ, ನಾಗರಗಾಳಿ ಕಡೆ,
ಅಡವಿಗೆ ಹತ್ತಿದ ಬಾಡಿಗಿ ಮನಿ.
ಎರಡು ರಾತ್ರಿ, ಮೂರೂವರೆ ಸಾವಿರ,
ಗ್ಯಾಸ್ ಬ್ಯಾರೆ.

ಕ್ರೂಸರ್‌ನಾಗ ಒಂಬತ್ತು ಮಂದಿ,
ಎರಡು ಡಬ್ಬಿ ಕಟಕ ರೊಟ್ಟಿ, ಗುರೆಳ್ಳ ಹಿಂಡಿ,
ಆಯಿಯ ಮೊಣಕಾಲಿಗೆ ಅಂತ ಒಂದು ಪ್ಲಾಸ್ಟಿಕ್ ಕುರ್ಚಿ.

ಮನಿ ಕಾಯಾವ ಪುಂಡಲೀಕ ಗಾವಡೆ
ಬಾಗಲಾ ತಗದು ಗ್ವಾಡಿಯ ಯಾದಿ ತೋರಿಸಿದ:
ತಾಟು ಎಂಟು, ವಾಟಗಾ ಎಂಟು, ಕಪ್ಪು ಆರು,
ಪ್ರಾಣಿ ಕಂಡ್ರ ಬೆನ್ನ ಹತ್ತಬಾರದು.
ನಾವು ಯಾದಿ ಓದಿದ್ದು ಒದರಿ ಒದರಿ.
ಜಗಳಾಡಾಕ ಬಂದಾರ ಅನಿಸಿರಬೇಕು ಅವನಿಗೆ.
ಏನ್ಮಾಡೂದು, ಮಗ್ಗದ ಮನ್ಯಾಗ ಹುಟ್ಟಿದವರು
ಉಪ್ಪು ಬೇಕಾದ್ರೂ ಒದರೇ ಕೇಳತೀವಿ.
"ಹಳೂ ಬೋಲಾ," ಅಂದ ಗಾವಡೆ,
"ಮೆಲ್ಲಕ, ಮೆಲ್ಲಕ. ಗವೆ ಅದಾವು."

ರಾತ್ರಿ ಯಾರಿಗೂ ನಿದ್ದಿ ಇಲ್ಲ.
ಖಟಕ್ ಖಟಕ್ ಇಲ್ಲದ ಕತ್ತಲದಾಗ ಹೆಂಗ ಮಲಗೂದು?
ಎಲ್ಲೋ ಒಂದು ತೇಗದ ಎಲಿ ಬಿತ್ತು,
ತಾಟು ಬಿದ್ದಂಗ ಬಿತ್ತು,
ಒಂಬತ್ತೂ ಮಂದಿ ಎದ್ದು ಕುಂತ್ವಿ.
ಕಡೀಕ ದೊಡ್ಡ ಕಾಡಪ್ಪ, ಅಂದ್ರ ಅಪ್ಪ,
ಆ ಚಳಿಯೊಳಗ ಫ್ಯಾನ್ ಹಚ್ಚಿದ, ಐದರ ಮ್ಯಾಲ.
ಹಳೇ ಫ್ಯಾನು, ಕಟಕಟ ಅಂತು.
ಎರಡೆರಡು ಕೌದಿ ಹೊತಗೊಂಡು
ಕೂಸಿನಂಗ ಮಲಗಿದ್ವಿ.

ಮರುದಿನ ಅಡವಿಯೊಳಗ ಹೊಕ್ಕಿದ್ದು ಒಂದೀಟು.
ಜೇಡರ ಬಲಿ ಮುಂದ ಕಾಕೂ ನಿಂತ್ಲು:
"ಎಳಿ ಕಡದೈತಿ, ಗಂಟ ಹಾಕಾವ್ರಿಲ್ಲೇನು ಇಲ್ಲಿ?"
ಕಾಡೇಶನಿಗೆ ಬೇಕಾಗಿದ್ದು ಹುಲಿ,
ಸಿಕ್ಕಿದ್ದು ಹೆಂಡಿ. ಫೋಟೊ ಹೊಡಕೊಂಡ.

ಸಂಜಿಮುಂದ, ಚಹಾದ ಹೊತ್ತಿಗೆ, ಗಾವಡೆ ಓಡಿ ಬಂದು
ತುಟಿ ಮ್ಯಾಲ ಬಟ್ಟ ಇಟ್ಟ.
ಬೇಲಿಯಾಚೆ ನಿಂತಿತ್ತು ಕಾಡುಕೋಣ,
ಟ್ರ್ಯಾಕ್ಟರಿನಷ್ಟು ಕರೇದು, ಕಾಲಿಗೆ ಬಿಳೀ ಸಾಕ್ಸು.
ಆಮ್ಯಾಲ ಒಂದು ಆಕಳಾ, ಒಂದು ಕರಾ.
ಗಾವಡೆ ಕಣ್ಣು ಮುಚ್ಚಿದ: ಇನ್ನ ಒದರತಾರ ಇವರು.

ನಾವು ಒದರಲಿಲ್ಲ.
ಗದ್ದಲದಾಗ ಬೆಳದವರಿಗೆ ಇನ್ನೊಂದು ಭಾಷಾ ಬರತೈತಿ,
ಅವನಿಗೇನು ಗೊತ್ತು?
ಮಗ್ಗ ನಡದಾಗ ಹತ್ತು ಮಾರು ದೂರಿಂದ
ತುಟಿ ನೋಡಿ ಲೆಕ್ಕ ಮಾಡತೀವಿ,
ಕೈ ನೋಡಿ ಊಟಕ್ಕ ಏಳತೀವಿ.
ಆಯಿ ನಾಕು ಬಟ್ಟ ಎತ್ತಿದ್ಲು: ಹಿಂದ ಇನ್ನೊಂದೈತಿ.
ಕಾಕೂ ಗಲ್ಲ ಸವರಿಕೊಂಡ್ಲು: ಕರಾ ಎಷ್ಟು ಚಂದ.
ಕಾಡೇಶ ತೋಳು ಅಗಲಿಸಿದ: ಹುಲಿಗಿಂತ ದೊಡ್ಡದು.
ಕಾಕಾ: ಚಹಾ ಆರತೈತಿ, ಕುಡೀರಿ.
ಕಟ್ಟಿ ತುಂಬ ಅರ್ಧ ತಾಸು ಮಾತಾಡಿದ್ವಿ,
ಒಂದು ಕಿವಿ ಸೈತ ನಿಮಿರಲಿಲ್ಲ ಬೇಲಿಯಾಚೆ.
ಗಾವಡೆ ಕೋಣ ಬಿಟ್ಟು
ನಮ್ಮನ್ನ ನೋಡಿಕೋತ ನಿಂತ.

ಅವ್ವ ಅಪ್ಪನ ಕಡೆ ತಿರುಗಿ ಏನೋ ಅಂದ್ಲು, ತುಟಿಯೊಳಗ.
ಅಪ್ಪ ನಕ್ಕ, ತಲಿ ತಗ್ಗಿಸಿ.
ಹುಟ್ಟಿದಾಗಿಂದ ಆ ತುಟಿ ಓದಾಕಿ ನಾನು.
ಅಷ್ಟರಾಗ ಕತ್ತಲಾತು, ಆ ಒಂದು ಮಾತು ಓದಲಿಲ್ಲ.
ಕೇಳಲೂ ಇಲ್ಲ.

ಹೊಳ್ಳಿ ಹೊಂಡೂ ಮುಂದ ಕಪ್ಪು ಒಂದು ಒಡದಿತ್ತು,
ಗಾವಡೆ ನಲವತ್ತು ರೂಪಾಯಿ ಮುರಕೊಂಡ.
ಬೆಳಗಾವಿ ದಾಟೂದರೊಳಗ ಲೈನ್‌ಮನ್ನನ ಫೋನು:
ಟಿ.ಸಿ. ಬಂತು, ಇವತ್ತ ಏರಸ್ತೀವಿ.
"ಹಾಂ" ಅಂದ ಅಪ್ಪ, ಖುಷಿಯೋ ಏನೋ.

ಗೋಕಾಕದಾಗ ಕರದಂಟಿಗೆ ನಿಂತಾಗ
ಇನ್ನೊಂದು ಫೋನು, ಗಾವಡೆದು.
"ಫ್ಯಾನ್ ಚಾಲೂ ಬಿಟ್ಟ ಹೋಗೀರಿ," ಅಂತಿದ್ದ ಪಾಪ,
ಎಷ್ಟು ಮೆಲ್ಲಕ ಅಂದ್ರ,
ಒಂಬತ್ತೂ ಮಂದಿ ಅಂಗಡಿ ಮುಂದ
ಏನ್? ಏನ್? ಅಂತ ಒದರಿದ್ವಿ.