ಕುಟುಂಬ ಇಪ್ಪತ್ತೊಂಬತ್ತು

ಕಪನೂರಿನ ಬ್ಯಾಳಿ ಮಿಲ್ಲಿನಾಗ ಮೂರು ದಿನದಿಂದ
ಕಾಳು ಆರಿಸೋ ಮಷೀನಿಗೆ ಮಾತು ನಿಂತದ.
ಕ್ಯಾಮೆರಾದ ಕಣ್ಣು ನೆಟ್ಟಗ ಅವ, ಊದೋ ಕೊಳವಿಗೆ ಉಸರು ಅದ,
ನಡಕಿನ ತಂತಿ ಸುದ್ದ ಗಟ್ಟಿ ಅದ.
ಆದ್ರ ಆಫೀಸಿನ ಲಿನಕ್ಸ್ ಪೆಟ್ಟಿಗಿ
ಒಂದೇ ಸವನ ಒಂದೇ ಮಾತು ಆಡಾಕತ್ತದ:
ಈ ವಿಳಾಸದ ಕುಟುಂಬ ನನಗ ಗೊತ್ತಿಲ್ಲ.

ಕೀಬೋರ್ಡಿನ ಮ್ಯಾಲ ತೊಗರಿ ಧೂಳಿ ಅರಿಷಿಣದಂಗ ಕುಂತದ.
ನಾ ಒರಸತೀನಿ, ಅದು ಮತ್ತ ಕೂಡತದ.
ಅಫಜಲಪುರಕರ್ ಸೇಠ ಬಾಗಲದಾಗ ನಿಂತು
"ತಂತಿ ಬದಲಿ ಮಾಡ್ರಿ ಮೇಡಮ್" ಅಂತಾರ.
ಎರಡು ಸಲ ಬದಲಿ ಮಾಡೀನಿ.
ತಪ್ಪು ತಂತೀದಲ್ಲ, ಒಳಗಿಂದು.
ಕರ್ನಲ್ ಅಂದ್ರ ಕಾಳಿನ ತಿರುಳೂ ಹೌದು ಅಂತ
ಪಾಲಿಟೆಕ್ನಿಕ್ಕಿನಾಗ ಮಾಸ್ತರು ಹೇಳಿದಾಗ
ತೊಗರಿ ಹೊಲದ ಹುಡುಗೂರು ನಾವು, ನಕ್ಕಿದ್ವಿ.

ಕುಟುಂಬ ಯಾವುದು?
ಮನಿ ಬಾಡಿಗಿ ಕೇಳಾಕ ಹೋದಾಗ ಸುದ್ದ
ಹೊಸ್ತಿಲ ಒಳಗಿಂದ ಇದೇ ಕೇಳಿದ್ರು.
ಹೆಸರು ಹೇಳಿದೆ. ಅಡ್ಡಹೆಸರು ಕೇಳಿದ್ರು. ಹೇಳಿದೆ.
"ಮನಿ ನಿನ್ನೇನೇ ಕೊಟ್ಟುಬಿಟ್ಟೀವಿ" ಅಂದ್ರು.
ಟು-ಲೆಟ್ ಬೋರ್ಡು ಇನ್ನಾ ಗ್ವಾಡಿಗೆ ತೂಗಾಡತಿತ್ತು.
ಪೆಟ್ಟಿಗಿ ಹಂಗ ಸುಳ್ಳು ಹೇಳಂಗಿಲ್ಲ.
ಗೊತ್ತಿಲ್ಲ ಅಂದ್ರ ಗೊತ್ತಿಲ್ಲ.

ಹೊರಗ ಶಾಬಾದಿ ಕಲ್ಲಿನ ಅಂಗಳದಾಗ
ಹನ್ನೆರಡು ಮಂದಿ ಹೆಣ್ಮಕ್ಕಳು ಮರ ಹಿಡದು ಕುಂತಾರ.
ಮಷೀನು ಬಂದ ವರ್ಷ ಇವರನ್ನ ಬಿಡಿಸಿದ್ರಂತ.
ಮೊನ್ನಿ ಫೋನ್ ಮಾಡಿ ಮತ್ತ ಕರದಾರ.
ಗುರುಬಾಯಿ ಎರಡು ಸಲ ಕೇರತಾಳ, ಮೂರನೇದಕ್ಕ
ಕರೀ ಕಾಳು ತಾನೇ ಅಂಚಿಗೆ ಬರತದ,
ಹೆಸರು ಹಿಡದು ಕರದಂಗ.
ಊಟದ ಹೊತ್ತಿಗೆ ನನಗೊಂದು ರೊಟ್ಟಿ ಕೊಟ್ಟಳು, ಪುಂಡಿಪಲ್ಯ ಹಚ್ಚಿ.
ಅಡ್ಡಹೆಸರು ಕೇಳಲಿಲ್ಲ.
"ನಿಂದು ಇನ್ನಾ ಎಷ್ಟು ದಿನದ್ದು?" ಅಂದಳು.
ಲಗೂನ ಮುಗೀಲಿ ಅಂತ ಕೇಳಿದಳೋ, ಮುಗೀದೇ ಇರಲಿ ಅಂತೋ,
ತಿಳೀಲಿಲ್ಲ.

ರಾತ್ರಿ ಮಶಾಕ್ ಸಾಬ ಚಾ ತಂದಾಗ ಸಿಕ್ಕಿತು.
ಸೋಮವಾರ ಕರೆಂಟ್ ಹೋಗಿ ಬಂದಾಗ
ಪೆಟ್ಟಿಗಿ ಹೊಸ ಕರ್ನಲ್ ಮ್ಯಾಲ ಎದ್ದದ.
ಹಳೇ ಮಾಡ್ಯೂಲು ಹಳೇ ಕೋಣ್ಯಾಗ ಉಳದಾವ.
ಹೊಸ ಕೋಣ್ಯಾಗ ಹುಡುಕಿದೆ: ವೈಫೈ ಅದ, ಬ್ಲೂಟೂತ್ ಅದ,
ಈ ಮಿಲ್ಲಿಗೆ ಬ್ಯಾಡಾದವು ನೂರು ಅವ,
ಕ್ಯಾನ್ ಒಂದು ಇಲ್ಲ.
ಹೆಚ್ಚುವರಿ ಅಂತ ಬ್ಯಾರೆ ಗಂಟು ಕಟ್ಟಿ
ಅದನ್ನ ಹೊರಗ ಇಟ್ಟುಬಿಟ್ಟಿದ್ರು.
ಯಾವುದು ಹೆಚ್ಚುವರಿ ಅನ್ನೋದು
ಯಾವತ್ತೂ ಗಂಟು ಕಟ್ಟೋರಿಗೆ ಬಿಟ್ಟಿದ್ದು.

ಫೋನಿನ ನೆಟ್ಟಿನಾಗ ಗಂಟು ಇಳಿಸಿದೆ, ನಲವತ್ತು ನಿಮಿಷ.
ಮಾಡ್‌ಪ್ರೋಬ್ ಅಂತ ಒಂದು ಸಾಲು.
ಕರ್ನಲ್ ತನ್ನ ದಿನಚರಿಯಾಗ ಬರಕೊಂಡಿತು:
ಪ್ರೋಟೋಕಾಲ್ ಕುಟುಂಬ ಇಪ್ಪತ್ತೊಂಬತ್ತು, ನೋಂದಣಿ ಆಯಿತು.
ಅಷ್ಟೇ.
ಯಾವ ಪೈಕಿ ಅಂತ ಕೇಳಲಿಲ್ಲ.
ಅತ್ತ ಮಷೀನು ಒಮ್ಮೆ ಸೀನಿ, ಟಪ್ ಟಪ್ ಟಪ್,
ಕರೀ ಕಾಳು ಉಗುಳಾಕ ಹತ್ತಿತು.

ಮುಂಜಾನೆ ಗುರುಬಾಯಿ ಗೇಟಿನಾಗೇ ಆ ಸಪ್ಪಳ ಕೇಳಿ ನಿಂತಳು.
ಮರ ಡಬ್ಬ ಹಾಕಿ, ಧೂಳಿ ಝಾಡಿಸಿ
"ಮೂರು ದಿನದ್ದ ಕೂಲಿ ಕೊಡಸ್ತೀಯೇನವ್ವ?" ಅಂದಳು.
ಕೊಡಿಸಿದೆ. ಬ್ಯಾರೆ ಏನು ಕೊಡಿಸಲಿ?

ಪೆಟ್ಟಿಗಿ ಮುಂದಿನ ಸಲ ಎದ್ದಾಗ ಮರೀಬಾರದಂತ
ಫೈಲಿನಾಗ ಒಂದು ಹೆಸರು ಬರೀಬೇಕು: ಕ್ಯಾನ್.
ಬರದೆ.
ಅದರ ಮ್ಯಾಲಿನ ಸಾಲಿಗೆ ಹ್ಯಾಶ್ ಚಿಹ್ನೆ ಹಾಕಿದೆ.
ಹ್ಯಾಶ್ ಹಾಕಿದ್ದನ್ನ ಯಂತ್ರ ಓದಂಗಿಲ್ಲ, ದಾಟಿ ಹೋಗತದ.
ಫೈಲು ತೆಗದವರು ಓದತಾರ.
ಅಲ್ಲಿ ಬರದೀನಿ:
ಮೂರು ದಿನ ಇದು ಇರಲಿಲ್ಲ.
ಗುರುಬಾಯಿ, ಇನ್ನೂ ಹನ್ನೊಂದು ಮಂದಿ, ಕೈಲೆ ಹಸನ ಮಾಡಿದ್ರು.
ಒಂದು ಕರೀ ಕಾಳೂ ಉಳೀಲಿಲ್ಲ.