ಎಣ್ಣೆ ಕಲೆಯ ಪುಟ

ನನ್ನ ಅಂಗಡಿಯ ತಗಡಿನ ಗೋಡೆಗೆ
ಅವಿನೊ ಒಂದು ಹಾಳೆ ಅಂಟಿಸಿದ್ದಾಳೆ,
ಉಪ್ಪಿನ ಡಬ್ಬಿಯ ಹಿಂದೆ, ಹೊಗೆ ಅಷ್ಟಾಗಿ ಹತ್ತದ ಕಡೆ.
ನಾಲ್ಕು ವರ್ಷ ಅದರೊಳಗಿದೆ.
ಓದು ಬಾರದ ನನಗೂ ಬಾಯಿಪಾಠ:
ಯಾವ ಸಾಲಿಗೆ ಅಡ್ಡಗೀಟು ಬಿತ್ತು, ಯಾವುದಕ್ಕೆ ಇಲ್ಲ,
ಯಾವ ಸಾಲಿಗೆ ಎಷ್ಟು ಬೋಗುಣಿ ಒಮೆನಾ ಕರಿದೆ.

ರಸಾಯನಶಾಸ್ತ್ರಕ್ಕೆ ಎರಡು ಸಲ ಫೀಸು ಕಟ್ಟಿದೆವು.
ಆ ವರ್ಷ ದುಂಗಾ ದಂಡೆಗೆ ಕಳೆ ತುಂಬಿ
ದೋಣಿ ಇಳಿಯದೆ, ಮೀನು ಚಿನ್ನವಾಗಿತ್ತು.
ಸಂಖ್ಯಾಶಾಸ್ತ್ರಕ್ಕೆ ನನ್ನ ಬೆಂಚಿನ ತುದಿಯಲ್ಲಿ ಕೂತು
ಕೈ ತೊಳೆದು ಉಣ್ಣುವವರನ್ನು ಎಣಿಸಿದಳು.
"ನೂರಕ್ಕೆ ಹದಿನೇಳು, ಚಿಕ್ಕಮ್ಮ."
"ಆ ಹದಿನೇಳೂ ಸಾಲ ಬರೆಸುವವರೇ," ಅಂದೆ ನಾನು.

ಇನ್ನೊಂದು ಸಾಲಿನ ಹೆಸರು ನನ್ನ ನಾಲಿಗೆಗೆ ತಿರುಗದು.
ಮೊದಲು ಮಲಗಿದವರು ಯಾರು, ಕುಡಿದದ್ದು ಎಲ್ಲಿಯ ನೀರು,
ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುವುದಂತೆ,
ಬಾವಿ ಸಿಗುವ ತನಕ.
ಶಾಪ ಯಾರದೆಂದು ನಮ್ಮ ಮುದುಕಿಯರು ಹುಡುಕುವುದೂ ಹೀಗೇ ಅಂದೆ.
ಅವಳು ನಗಲಿಲ್ಲ.
ಅವಳ ಅವ್ವ ಒಂದೇ ರಾತ್ರಿಯ ಭೇದಿಯಲ್ಲಿ ಹೋದಾಗ
ನಾವು ಯಾರೂ ಹಿಂದಕ್ಕೆ ನಡೆಯಲಿಲ್ಲ.
ಹೂಳಿ ಬಂದೆವು, ಅದೇ ಕೊಡದಿಂದ ಕಾಲು ತೊಳೆದೆವು.

ಕೊನೆಯ ಸಾಲು: ಮುನ್ನೂರ ಇಪ್ಪತ್ತು ಗಂಟೆ ಕ್ಷೇತ್ರಕಾರ್ಯ.
ಆರೋಗ್ಯಾಧಿಕಾರಿ ಒಡುಂಡೊ ಮುಂದೆ, ಬಿಳಿ ಕೋಟಿನ ಇವಳು ಹಿಂದೆ,
ಓಣಿ ಓಣಿಯ ಕಕ್ಕಸು, ಕಟುಕರ ಕಟ್ಟೆ, ನೀರಿನ ಗೂಡಂಗಡಿ.
ಮೂವತ್ತೊಂಬತ್ತನೆಯ ದಿನ ನನ್ನ ಅಂಗಡಿ.
ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು ಬಂದ ಕೂಸು,
ನನ್ನ ಬೆರಳೇ ಅದನ್ನು ಬಿಡಿಸಿದ್ದು,
ಅದಕ್ಕೇ ಅವಿನೊ ಎಂಬ ಹೆಸರು,
ಅವಳು ನನ್ನನ್ನು "ಮಾಲೀಕರೇ" ಅಂದಳು.

ನೀರಿಗೆ ಮುಚ್ಚಳ ಇದೆಯೇ? ಇಲ್ಲ.
ಸೋಪು? ಇಲ್ಲ.
ಹಳಸಿದ ಎಣ್ಣೆ ಮತ್ತೆ ಕಾಯಿಸುತ್ತೀರಾ?
"ನಿನ್ನ ಫೀಸು ಯಾವ ಎಣ್ಣೆಯಲ್ಲಿ ಬೆಂದದ್ದು ಅಂದುಕೊಂಡೆ?"
ಒಡುಂಡೊ ಸರೋವರದ ಕಡೆ ಮುಖ ಮಾಡಿ
ಅಲ್ಲಿಲ್ಲದ ದೋಣಿಯನ್ನು ನೋಡತೊಡಗಿದ.
ಇವಳು ತಲೆ ಎತ್ತದೆ "ಹೌದು" ಎಂದು ಬರೆದುಕೊಂಡಳು.
ಏಳು ದಿನ ಬಾಗಿಲು ಹಾಕಬೇಕು.
ಕರಿಯುತ್ತಿದ್ದ ಕೈ, ಶಾಯಿ ಹತ್ತಲಿಲ್ಲ,
ಹೆಬ್ಬೆಟ್ಟಿನ ಜಾಗದಲ್ಲಿ ಎಣ್ಣೆ ಹರಡಿಕೊಂಡಿತು.

ಆ ರಾತ್ರಿ ಉಗಾಲಿ ಮುದ್ದೆ ನಡುವೆ ಇಟ್ಟುಕೊಂಡು
ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡೆವು, ಮಾತಿಲ್ಲದೆ.
ಉಣ್ಣುವ ಮೊದಲು ಅವಳು ಕೈ ತೊಳೆದಳು.
ನಾನು ಬೇಕೆಂದೇ ತೊಳೆಯಲಿಲ್ಲ.

ಮೂರನೆಯ ದಿನ ಹಳದಿ ಜೆರ್ರಿಕ್ಯಾನಿಗೆ ತೂತು ಕೊರೆಸಿ
ನಲ್ಲಿ ಕೂರಿಸಿದೆ. ಅವಳಿಗಾಗಿ ಅಲ್ಲ,
ಸುಮ್ಮನೆ ಕೂರಲು ಬಾರದೆ.
ಹರಿದ ಕಾಲುಚೀಲದಲ್ಲಿ ಸೋಪು ಹಾಕಿ ಪಕ್ಕದಲ್ಲಿ ನೇತುಹಾಕಿದೆ.

ಈಗ ವಿಶ್ವವಿದ್ಯಾಲಯದವರು ಹೇಳುತ್ತಾರೆ:
ಮುನ್ನೂರ ಹನ್ನೆರಡು ಗಂಟೆ, ಎಂಟು ಕಡಿಮೆ.
ಒಂದು ಪುಟದ ಮೊಹರು ಕಾಣುತ್ತಿಲ್ಲ, ಕಲೆಯಾಗಿದೆ.
ಬೋಡಾ ಹತ್ತಿ ನಾನೇ ಹೋದೆ.
ಗುಮಾಸ್ತೆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು.
"ಇದು ನಾನು," ಅಂದೆ.
ಮೂಸಿ ನೋಡಿದಳು.
"ಒಮೆನಾ?"
"ದುಂಗಾ ದಂಡೆ, ಮೂರನೆಯ ಅಂಗಡಿ. ತೆರೆದಿದೆ."
ಸೋಮವಾರ ಹೇಳುತ್ತಾರಂತೆ.

ಹಾಳೆಯ ಕೊನೆಯ ಸಾಲಿಗೆ ಇನ್ನೂ ಗೀಟಿಲ್ಲ.
ಇವತ್ತು ಬಾಣಲೆಯ ಹಿಂದೆ ನಿಂತು ನಾನೇ ಎಣಿಸಿದೆ,
ಐವತ್ತು ಜನ, ತೊಳೆದವರು ಇಪ್ಪತ್ತೆರಡು.
ಒಬ್ಬ ಸೋಪನ್ನೇ ಕಾಲುಚೀಲದ ಸಮೇತ ಜೇಬಿಗಿಳಿಸಿದ.
ಅವನನ್ನು ಯಾವ ಕಡೆ ಸೇರಿಸಬೇಕೋ
ಅವಿನೊಳನ್ನು ಕೇಳಬೇಕು.